ಹೊಳೆ ಬರುವ ಮೊದಲೇ ಆಸ್ಪತ್ರೆ ಲೆಕ್ಕ ಹಾಕಿದವರು ಇದ್ದೀರಾ?

ಪ್ರಶ್ನೆ, ಚಿಕ್ಕೋಡಿ ಕಡೆಯಿಂದ: ನಮ್ಮ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೃಷ್ಣಾ ದಂಡೆಯ ಊರುಗಳು ಸೇರುತ್ತವೆ. ಮಳೆಗಾಲದ ತಯಾರಿಗೆ ‘ಸಿಸ್ಟಮ್ ಮಾಡೆಲಿಂಗ್’ ಬಳಸಿ ಅಂತ ತರಬೇತಿಯಲ್ಲಿ ಹೇಳಿದರು. ನನಗೆ ಆ ಸಾಫ್ಟ್‌ವೇರ್ ಬರುವುದಿಲ್ಲ. ಯಾರಾದರೂ ಮಾಡಿದ್ದೀರಾ?

ಜಮಖಂಡಿಯಿಂದ: ಸಾಫ್ಟ್‌ವೇರ್ ಬಿಡಿ ಮೇಡಂ. ನಾವು ಬರೆದದ್ದು ಹಳೇ ಕ್ಯಾಲೆಂಡರಿನ ಹಿಂದೆ. ಮಾಡೆಲಿಂಗ್ ಅಂದರೆ ಒಂದು ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಒಳಗೆ ಎಷ್ಟು ನಿಲ್ಲುತ್ತದೆ, ಅಷ್ಟೇ. ದಿನಕ್ಕೆ 10 ವಾಂತಿಭೇದಿ ಕೇಸ್ ಬಂದು ಒಬ್ಬೊಬ್ಬರು 3 ದಿನ ಉಳಿದರೆ ಬೇಕಾಗುವುದು 30 ಹಾಸಿಗೆ, 10 ಅಲ್ಲ. 2019ರ ಆಗಸ್ಟ್‌ನಲ್ಲಿ ನಾವು ಎಡವಿದ್ದು ಇಲ್ಲೇ. ಬಂದವರನ್ನು ಎಣಿಸಿದೆವು, ಉಳಿದವರನ್ನು ಮರೆತೆವು. ಕೊನೆಗೆ ಶಾಲೆಯ ಬೆಂಚು ಜೋಡಿಸಿ ಮಲಗಿಸಿ, ಸಲೈನ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದಾಯಿತು.

ಓಆರ್‌ಎಸ್‌ಗೂ ಇದೇ ಲೆಕ್ಕ. ದಿನಕ್ಕೆ 100 ಪ್ಯಾಕೆಟ್ ಖರ್ಚಾಗಿ, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ 4 ದಿನಕ್ಕೆ ಮಾಲು ಬರುವುದಾದರೆ 400 ಉಳಿದಾಗಲೇ ಬರೆಯಬೇಕು. ಸೇತುವೆ ಮುಳುಗಿ ಗಾಡಿ ಇನ್ನೆರಡು ದಿನ ತಡವಾದರೆ 600. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದ ದಿನವೇ ನಿಮ್ಮ ಮೊದಲ ದಿನ ಅಂತ ಎಣಿಸಿ. ಹೊಳೆ ಊರಿಗೆ ಬಂದ ದಿನ ಅಲ್ಲ.

ಗೋಕಾಕದಿಂದ, ಆಶಾ ಕಾರ್ಯಕರ್ತೆ: ಡಾಕ್ಟ್ರೇ, ನಿಮ್ಮ ಲೆಕ್ಕದಲ್ಲಿ ನಮ್ಮನ್ನೂ ಹಾಕಿ. ಘಟಪ್ರಭಾ ಏರಿದಾಗ ನನ್ನ ಮನೆಗೂ ನೀರು ಹೊಕ್ಕಿತ್ತು. ಅತ್ತೆ, ಮಕ್ಕಳು, ಎಮ್ಮೆ ಎಲ್ಲಾ ಸಾಗಿಸಿ ಕೆಲಸಕ್ಕೆ ಬರುವಷ್ಟರಲ್ಲಿ ಎರಡು ದಿನ ಹೋಯಿತು. ರೋಗಿಗಳು ಜಾಸ್ತಿ ಆಗುವ ದಿನವೇ ನಾವು ಕಡಿಮೆ! ದಂಡೆಯಿಂದ ದೂರದ ಊರಿನ ಆಶಾ ಜೊತೆ ಈಗಲೇ ಜೋಡಿ ಮಾಡಿಡಿ.

ವಿಜಯಪುರದಿಂದ: ನೀರು ಇಳಿದ ಕೂಡಲೇ ಹೆಚ್ಚುವರಿ ಸಿಬ್ಬಂದಿಯನ್ನು ವಾಪಸ್ ಕಳಿಸಬೇಡಿ. ಮನೆಯ ಕೆಸರು ಬಳಿದವರಿಗೆ ಇಲಿಜ್ವರ ಕಾಣಿಸುವುದು ಸಾಮಾನ್ಯವಾಗಿ 5ರಿಂದ 14 ದಿನದ ನಂತರ. ಅಷ್ಟೊತ್ತಿಗೆ ನೆರೆ ಸಂತ್ರಸ್ತರ ಕಾಳಜಿ ಕೇಂದ್ರವೂ ಮುಚ್ಚಿರುತ್ತದೆ, ಅಲ್ವಾ?

ಚಿಕ್ಕೋಡಿಯಿಂದ ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ಗೋಕಾಕದ ಅಕ್ಕಾ, ನಿಮ್ಮದನ್ನು ಮೊದಲು ಬರೆದುಕೊಂಡೆ. ಈ ಲೆಕ್ಕ ಹಾವು ಕಡಿತದ ಔಷಧಿಗೂ ಹಾಕಿ ನೋಡಿದೆ. ವಿಷ ಏರಿದ ಒಬ್ಬರಿಗೆ ಶುರುವಿಗೇ 8ರಿಂದ 10 ವಯಲ್ (ಔಷಧಿಯ ಸಣ್ಣ ಬಾಟಲಿ) ಬೇಕು. ನಮ್ಮ ಫ್ರಿಜ್‌ನಲ್ಲಿ ಇರುವುದು ಒಟ್ಟು 10. ನೀವೆಲ್ಲ ಎಷ್ಟು ಇಟ್ಟುಕೊಳ್ಳುತ್ತೀರಿ?