ಅಪ್‌ಡೇಟ್: ಡಿಸ್ನಿ ಟೈಮ್‌ಶೇರ್, ಕೊನೆಗೆ ಬೇ ಲೇಕ್ ಟವರ್

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಟೈಮ್‌ಶೇರ್ (ಮೊದಲೇ ಹಣ ಕೊಟ್ಟು, ಪ್ರತಿ ವರ್ಷ ರೆಸಾರ್ಟ್‌ನಲ್ಲಿ ಕೆಲವು ದಿನ ಉಳಿಯುವ ಹಕ್ಕು) ತೆಗೆದುಕೊಳ್ಳುವುದಾದರೆ, ಅಲ್ಲಿನ ರೆಸಾರ್ಟ್‌ಗಳಲ್ಲಿ ಬೇ ಲೇಕ್ ಟವರ್ ಒಳ್ಳೆಯದೋ, ರಿವಿಯೆರಾ ಒಳ್ಳೆಯದೋ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಬೇ ಲೇಕ್ ಟವರ್ ಅಂತ ತೀರ್ಮಾನಿಸಿದೆವು, ಅದೂ ರೀಸೇಲ್‌ನಲ್ಲಿ, ಅಂದರೆ ಡಿಸ್ನಿಯಿಂದಲ್ಲ, ಈಗಾಗಲೇ ಕೊಂಡಿರುವವರಿಂದ.

ರಿವಿಯೆರಾ ಹೊಸದು, ಒಪ್ಪಂದ 2070ರವರೆಗೆ ಇದೆ. ಮನೆಯವರಿಗೆ ಅದೇ ಇಷ್ಟವಾಗಿತ್ತು. ಆದರೆ ಅದರ ಪಾಯಿಂಟ್‌ಗಳನ್ನು (ಟೈಮ್‌ಶೇರ್ ಕೊಂಡವರಿಗೆ ವರ್ಷವರ್ಷ ಸಿಗುವ, ರೂಮ್ ಬುಕ್ ಮಾಡಲು ಬಳಸುವ ಲೆಕ್ಕ) ರೀಸೇಲ್‌ನಲ್ಲಿ ಕೊಂಡವರು ರಿವಿಯೆರಾ ಒಂದರಲ್ಲೇ ಉಳಿಯಬೇಕು, ಡಿಸ್ನಿಯ ಟೈಮ್‌ಶೇರ್ ಕ್ಲಬ್‌ನ ಬೇರೆ ರೆಸಾರ್ಟ್ ಸಿಗುವುದಿಲ್ಲ. ನಾಳೆ ನಾವು ಮಾರಲು ಹೋದರೆ ಕೊಳ್ಳುವವರು ಇದನ್ನೇ ಹೇಳಿ ಬೆಲೆ ಇಳಿಸುತ್ತಾರೆ, ಅಲ್ವಾ? ಬೇ ಲೇಕ್ ಒಪ್ಪಂದ 2060ಕ್ಕೆ ಮುಗಿಯುತ್ತದೆ. ಅಷ್ಟೊತ್ತಿಗೆ ಮಕ್ಕಳಿಗೇ ಮಕ್ಕಳಾಗಿರುತ್ತಾರೆ, ಸಾಕು.

ನಮ್ಮನ್ನು ನಿಜಕ್ಕೂ ಒಪ್ಪಿಸಿದ್ದು ಜಾಗ. ಬೇ ಲೇಕ್ ಟವರ್‌ನಿಂದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ಗೆ ನಡೆದೇ ಹೋಗಬಹುದು. ರಾತ್ರಿ ಪಟಾಕಿ ಮುಗಿದ ಮೇಲೆ, ನಿದ್ದೆಗೆ ಜಾರಿದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಮಡಚಿದ ಸ್ಟ್ರಾಲರ್ ಹಿಡಿದು ಬಸ್ಸಿನ ಸಾಲಿನಲ್ಲಿ ನಿಲ್ಲುವ ಪಾಡು ಇಲ್ಲ.

ಇನ್ನು ಬುಕಿಂಗ್. ನಾವು ಪಾಯಿಂಟ್ ಕೊಂಡ ರೆಸಾರ್ಟ್‌ಗೆ 11 ತಿಂಗಳು ಮೊದಲೇ ಮಾಡಬಹುದು, ಬೇರೆಯದಕ್ಕೆ 7 ತಿಂಗಳು. ಶಾಲೆಯ ರಜೆಯಲ್ಲೇ ಹೋಗಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ‘ಎಲ್ಲಿ ಅಗ್ಗವೋ ಅಲ್ಲೇ ಕೊಳ್ಳಿ’ ಅನ್ನುವ ಸಲಹೆ ನಮಗೆ ಹೊಂದಲಿಲ್ಲ.

ವರ್ಷದ ಮೇಂಟೆನೆನ್ಸ್ ಶುಲ್ಕವನ್ನು ಹೋದರೂ ಬಿಟ್ಟರೂ ಕಟ್ಟಲೇಬೇಕು. ಪಾಯಿಂಟ್ ಉಳಿದರೆ ಗಡುವಿನೊಳಗೆ ಮುಂದಿನ ವರ್ಷಕ್ಕೆ ಸಾಗಿಸಬಹುದು. ಬಡ್ಡಿಗೆ ಸಾಲ ಮಾಡಿ ಕೊಳ್ಳುವ ಯೋಚನೆ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಮಾರುವವರು ನಮ್ಮ ಬೆಲೆಗೆ ಒಪ್ಪಿದ್ದಾರೆ. ಆದರೆ ಅದೇ ಬೆಲೆಗೆ ತಾನೇ ವಾಪಸ್ ಕೊಳ್ಳುವ ಹಕ್ಕು ಡಿಸ್ನಿಗೆ ಇದೆ. ಡಿಸ್ನಿಯ ಉತ್ತರಕ್ಕೆ ಕಾಯುತ್ತಿದ್ದೇವೆ.