ಜೌಗು ಬಸಿದು ಸಸಿ ನೆಡುವ ವಿಡಿಯೊ: ಮನೆಯವರ ಗುಂಪಿನಲ್ಲಿ ಎದ್ದ ವಾದ

ದೊಡ್ಡಪ್ಪ: (ವಿಡಿಯೊ) ಪೀಟ್ ಜೌಗಿನ ನೀರು ಬಸಿದು ಸಾಲುಸಾಲಾಗಿ ಸಸಿ ನೆಡುತ್ತಿದ್ದಾರೆ, ನೋಡಿ. ಕೆಲಸಕ್ಕೆ ಬಾರದ ಕೆಸರು ಇನ್ನು ಕಾಡಾಗುತ್ತದೆ. ಎಲ್ಲ ಗುಂಪುಗಳಿಗೂ ಕಳುಹಿಸಿ.

ನಾನು: ದಯವಿಟ್ಟು ಬೇಡ, ದೊಡ್ಡಪ್ಪ. ಆ ಕೆಸರಿಗೇ ಬೆಲೆ ಇರುವುದು. ಸತ್ತ ಹಾವಸೆ, ಬೇರು, ಎಲೆಗಳು ನೀರಿನಡಿ ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಪೀಟ್ ಆಗಿ ಉಳಿಯುತ್ತವೆ. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ದಪ್ಪವಾಗುತ್ತದೆ. ಭೂಭಾಗದ ಶೇ 3ರಷ್ಟಿರುವ ಈ ನೆಲದಲ್ಲಿ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲವಿದೆ. ನೀರು ಬಸಿದರೆ ಗಾಳಿ ಒಳಹೊಕ್ಕು, ಸಾವಿರಾರು ವರ್ಷ ಕೂಡಿಟ್ಟದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಆಳವಾದ ಪೀಟ್ ಕಳೆದುಕೊಳ್ಳುವುದನ್ನು ಆ ಸಸಿಗಳು ತುಂಬಿಕೊಡಲಾರವು.

ಚಿಕ್ಕಪ್ಪ: ಗಿಡ ನೆಡುವುದರಲ್ಲೂ ತಪ್ಪು ಹುಡುಕಿದರೆ ಹೇಗಮ್ಮ? ಒಳ್ಳೆಯ ಕೆಲಸಕ್ಕೆ ತಣ್ಣೀರೆರಚಬಾರದು.

ನಾನು: ನೆಡಲಿ ಚಿಕ್ಕಪ್ಪ, ಜೌಗಿನಲ್ಲಿ ಬೇಡ. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿಯಲ್ಲಿ 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಜೌಗನ್ನು ಉತ್ತು, ಬಸಿಗಾಲುವೆ ತೋಡಿ, ಸೂಚಿಪರ್ಣ ಮರಗಳನ್ನು ನೆಟ್ಟರು. ಈಗ ಅದೇ ಮರಗಳನ್ನು ಕಡಿದು ಕಾಲುವೆಗಳನ್ನು ಮುಚ್ಚುತ್ತಿದ್ದಾರೆ. ಇಂಗ್ಲೆಂಡಿನ ಹೋಮ್ ಫೆನ್ ಎಂಬ ಪೀಟ್ ಜೌಗಿನಲ್ಲಿ 1850ರ ಸುಮಾರಿಗೆ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹೂತಿದ್ದರು. ಈಗ ಅದರ ತುದಿ ನೋಡಲು ತಲೆಯೆತ್ತಬೇಕು. ಸುಮಾರು 4 ಮೀಟರ್ ಹೊರಗೆ ನಿಂತಿದೆ. ಬಸಿದ ಪೀಟ್ ಅಷ್ಟು ಕುಗ್ಗಿತು, ಕೊಳೆತು ಗಾಳಿಗೆ ಸೇರಿತು.

ಚಿಕ್ಕಪ್ಪ: ಮತ್ತೆ ನೀರು ನಿಲ್ಲಿಸಿದರೆ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಬರುತ್ತದಲ್ಲ? ಅದನ್ನೇಕೆ ಹೇಳುವುದಿಲ್ಲ?

ನಾನು: ಬರುತ್ತದೆ. ಮೊದಲ ಕೆಲವು ವರ್ಷ ಹೆಚ್ಚೇ ಬರಬಹುದು. ಅದಕ್ಕೇ ಕೆರೆಯಂತೆ ತುಂಬಿಸದೆ, ನೀರಿನ ಮಟ್ಟವನ್ನು ನೆಲದ ಮೇಲ್ಮೈಗಿಂತ ತುಸು ಕೆಳಗೆ ನಿಲ್ಲಿಸಬೇಕು. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ. ಒಣಗಿದ ಪೀಟಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಕೂಡುತ್ತಲೇ ಹೋಗುತ್ತದೆ.

ಅತ್ತಿಗೆ: ಅಲ್ಲಿ ಬೆಳೆ ಬೆಳೆಯುತ್ತಿರುವವರ ಗತಿ? ಕಾಲುವೆಗೆ ಅಡ್ಡ ಕಟ್ಟಿದರೆ ಅವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ?

ನಾನು: ನನ್ನನ್ನು ನಿಜವಾಗಿ ಕಾಡುವ ಪ್ರಶ್ನೆ ಇದು, ಅತ್ತಿಗೆ. ಇಂಡೊನೇಷ್ಯಾದಲ್ಲಿ 1990ರ ದಶಕದಲ್ಲಿ ಭತ್ತ ಬೆಳೆಯಲೆಂದು ಕಾಲಿಮಂಟಾನ್‌ನ ಸುಮಾರು 10 ಲಕ್ಷ ಹೆಕ್ಟೇರ್ ಜೌಗು ನೆಲವನ್ನು ಆಯ್ದುಕೊಂಡು, ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿದರು. ಭತ್ತ ಕೈಗೆ ಹತ್ತಲಿಲ್ಲ. ಒಣಗಿದ ಪೀಟಿಗೆ 1997ರಲ್ಲೂ 2015ರಲ್ಲೂ ಬೆಂಕಿ ಬಿತ್ತು. ಮೇಲೆ ಆರಿದಂತೆ ಕಂಡರೂ ಆ ಬೆಂಕಿ ಮಣ್ಣಿನೊಳಗೆ ಹೊಗೆಯಾಡುತ್ತಾ ಸಾಗುತ್ತದೆ. ಯೋಜನೆಯನ್ನು ನಂಬಿ ಬಂದ ರೈತರೂ ನೊಂದರು. ಈಗ ಅಡ್ಡಗಟ್ಟೆ ಹಾಕುವವರು ಅವರಿಗೆ ಸಾಗೋ ತಾಳೆ, ಜೊಂಡಿನಂಥ ಒದ್ದೆ ನೆಲದ ಬೆಳೆಯನ್ನೂ ಅದಕ್ಕೆ ಮಾರುಕಟ್ಟೆಯನ್ನೂ ಒದಗಿಸಲೇಬೇಕು. ಇಲ್ಲದಿದ್ದರೆ ಕಟ್ಟೆ ಉಳಿಯುವುದಿಲ್ಲ.

ದೊಡ್ಡಪ್ಪ: ಸರಿ, ಮುಂದಕ್ಕೆ ಕಳುಹಿಸುವುದಿಲ್ಲ. ಆದರೆ ಬಿಸಿಲಲ್ಲಿ ಸಸಿ ನೆಟ್ಟ ಹುಡುಗರನ್ನು ಬೈಯಬೇಡ.

ನಾನು: ಅವರನ್ನಲ್ಲ, ದೊಡ್ಡಪ್ಪ. ಕಾಲುವೆ ತೋಡಿಸಿದವರನ್ನು ಕೇಳುತ್ತಿದ್ದೇನೆ: ಗುದ್ದಲಿ ಹಾಕುವ ಮೊದಲು ಆ ಪೀಟ್ ಎಷ್ಟು ಆಳವಿದೆ ಎಂದು ಅಳೆದರೇ?