ಬ್ಯಾಚ್ ಗುಂಪಿನಲ್ಲಿ ಇಡಿಸಿ ಜಗಳ

ಗಣೇಶ: *ಫಾರ್ವರ್ಡ್:* ಎಥಿಲೀನ್ ಡೈಕ್ಲೋರೈಡ್, ಅಂದರೆ ಇಡಿಸಿ ಎಂಬ ವಿಷಕಾರಿ ದ್ರವ, ಅಪಾಯಕಾರಿ ರಾಸಾಯನಿಕಗಳ ವ್ಯಾಪಾರ ಕುರಿತ ರಾಟರ್‌ಡ್ಯಾಮ್ ಒಪ್ಪಂದದ ನಿಷೇಧ ಪಟ್ಟಿಯಲ್ಲಿದೆ. ಆದರೂ ಹಡಗುಗಟ್ಟಲೆ ಸಾಗುತ್ತಿದೆ. ಇದು ಕಳ್ಳಸಾಗಣೆಯಲ್ಲದೆ ಮತ್ತೇನು? ಎಲ್ಲರಿಗೂ ಹಂಚಿ!

ಸುಮಾ: ಹಂಚಬೇಡ ಮಾರಾಯ. ಒಂದನೇದು, ಅದು ನಿಷೇಧ ಪಟ್ಟಿಯೇ ಅಲ್ಲ. ಆಮದು ಮಾಡೋ ದೇಶ ಬೇಕು, ಬೇಡ, ಷರತ್ತಿನ ಮೇಲೆ ಬೇಕು ಅಂತ ಮೊದಲೇ ತಿಳಿಸೋ ವ್ಯವಸ್ಥೆ. ‘ಬೇಡ’ ಅಂದ್ರೆ ತನ್ನಲ್ಲೂ ಆ ಬಳಕೆಗೆ ತಯಾರಿಸೋ ಹಾಗಿಲ್ಲ. ಎರಡನೇದು, ಆ ಒಪ್ಪಂದದ ಅನುಬಂಧ 3ರ ವರ್ಗದ ಕಾಲಮ್ ನೋಡು: ಇಡಿಸಿ ಇರೋದು ಕೀಟನಾಶಕ ಅಂತ. ಪಿವಿಸಿ ಪ್ಲಾಸ್ಟಿಕ್ ಮಾಡೋಕೆ ಹೋಗೋ ಇಡಿಸಿಗೆ ಅದು ತಾಗೋದೇ ಇಲ್ಲ. ಎಥಿಲೀನ್ ಆಕ್ಸೈಡ್ ಅನ್ನೋ ಇನ್ನೊಂದು ರಾಸಾಯನಿಕವೂ ಹಾಗೇ.

ನಾಗರಾಜ: ನನ್ನ ತಕರಾರು ಅದೇ ಕಣೇ. ಹೆಸರು ಬದಲಾದ್ರೆ ವಿಷ ಹೋಗುತ್ತಾ? ಕಾಗದದಲ್ಲಿ ಎಚ್‌ಎಸ್ ಕೋಡ್ (ಸರಕಿನ ಕಸ್ಟಮ್ಸ್ ಸಂಖ್ಯೆ) 2903.15, ಯುಎನ್ ನಂಬರ್ (ಅಪಾಯಕಾರಿ ಸರಕಿನ ಸಾಗಣೆ ಸಂಖ್ಯೆ) 1184. ಎರಡೂ ವಸ್ತು ಯಾವುದು ಅಂತ ಹೇಳ್ತವೆ, ಯಾಕೆ ಅಂತ ಹೇಳಲ್ಲ. ಟ್ಯಾಂಕಿಂದ ಡ್ರಮ್ಮಿಗೆ ಇಳಿದು ಸಾಲ್ವೆಂಟ್ (ಕರಗಿಸೋ ದ್ರವ) ಆಗಿ ಹೋದ್ರೆ ಕಸ್ಟಮ್ಸ್‌ನೋರಿಗೆ ಗೊತ್ತಾಗೋದು ಹೇಗೆ?

ಸುಮಾ: ಮಾಸ್ ಬ್ಯಾಲೆನ್ಸ್, ಅಂದ್ರೆ ಒಳಬಂದ, ಹೊರಹೋದ ಮಾಲಿನ ತೂಕದ ತಾಳೆ. 1000 ಟನ್ ಇಡಿಸಿ ಪೂರ್ತಿ ಕ್ರ್ಯಾಕ್ ಆದ್ರೆ, ಅಂದ್ರೆ ಬಿಸಿಗೆ ಒಡೆದ್ರೆ, ಹೆಚ್ಚೆಂದರೆ ಸುಮಾರು 632 ಟನ್ ವಿಸಿಎಂ (ಪಿವಿಸಿಯ ಕಚ್ಚಾವಸ್ತು ವಿನೈಲ್ ಕ್ಲೋರೈಡ್), ಉಳಿದದ್ದು ಎಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್). ಕೊಂಡದ್ದು, ವರ್ಷದ ಮೊದಲ ಮತ್ತು ಕೊನೆಯ ದಾಸ್ತಾನು, ಹೊರಹೋದ ವಿಸಿಎಂ, ಇನ್ಸಿನರೇಟರ್‌ಗೆ ಹೋದ ಹೆವಿ ಎಂಡ್ಸ್ (ಕೊನೆಗುಳಿಯೋ ಭಾರದ ತ್ಯಾಜ್ಯ). ಇಷ್ಟು ತಾಳೆ ನೋಡಿದ್ರೆ ಸಾಕು.

ಇರ್ಫಾನ್: ಸಾಕಾಗಲ್ಲ ಸುಮಾ. ಆ ಎಚ್‌ಸಿಎಲ್ ಆಕ್ಸಿಕ್ಲೋರಿನೇಷನ್‌ಗೆ (ಅದನ್ನ ಎಥಿಲೀನ್, ಆಮ್ಲಜನಕದ ಜೊತೆ ಸೇರಿಸಿ ಮತ್ತೆ ಇಡಿಸಿ ಮಾಡೋ ಹಂತ) ವಾಪಸ್ ಹೋದ್ರೆ ಅಲ್ಲೇ ಸುಮಾರು 500 ಟನ್ ಹೊಸ ಇಡಿಸಿ ಹುಟ್ಟುತ್ತೆ. ಅದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಕೊಂಡದ್ದಕ್ಕಿಂತ ಹೆಚ್ಚು ಮಾಲು ಕಾಣುತ್ತೆ. ಆ ‘ಹೆಚ್ಚುವರಿ’ ಒಳಗೆ ಎಷ್ಟು ಡ್ರಮ್ ಬೇಕಾದ್ರೂ ಬಚ್ಚಿಡಬಹುದು.

ನಾಗರಾಜ: 👏 ಮೀಟರಿನ ಕಥೆಯೂ ಕೇಳಿ. ವರ್ಷಕ್ಕೆ 1 ಲಕ್ಷ ಟನ್ ಹರಿಯೋ ಕಡೆ ಅರ್ಧ ಪರ್ಸೆಂಟ್ ತಪ್ಪು ಅಂದ್ರೆ 500 ಟನ್. ಅದು ಗಾಳಿಗೆ ಹೋಯ್ತಾ, ಪಕ್ಕದ ಗೇಟಿಂದ ಹೋಯ್ತಾ?

ಸುಮಾ: ಅದನ್ನ ಬ್ಯಾಲೆನ್ಸ್ ಹೇಳಲ್ಲ, ಒಪ್ಪಿದೆ. ಗಾಳಿಗಾದ್ರೆ ಪಂಪ್ ಸೀಲ್, ವಾಲ್ವ್ ಗ್ಲ್ಯಾಂಡ್, ಸ್ಯಾಂಪಲ್ ಪಾಯಿಂಟ್ ಒಂದೊಂದನ್ನೂ ಅನಲೈಸರ್ ಹಿಡಿದು ಅಳೀಬೇಕು. ಅನ್‌ಲೋಡಿಂಗಲ್ಲಿ ವೇಪರ್ ರಿಟರ್ನ್ ಲೈನ್ (ಆವಿಯನ್ನ ವಾಪಸ್ ಕಳಿಸೋ ಪೈಪ್) ಹಾಕ್ದೆ ಬರೀ ವೆಂಟ್ ಬಿಟ್ಟಿರ್ತಾರೆ, ಅಲ್ಲಿ ಮೊದಲು ನೋಡು. ಡ್ರಮ್ಮಿಗಾದ್ರೆ ಡ್ರಮ್ ತುಂಬೋ ಪಾಯಿಂಟೇ ಸೈಟಲ್ಲಿ ಇರಬಾರದು.

ಗಣೇಶ: ಯುರೋಪಲ್ಲಿ ಇಡಿಸಿಗೆ ಅನುಮತಿ ಬೇಕು ಅಂತಾರಲ್ಲ?

ಇರ್ಫಾನ್: ಬೇಕು, ಸಾಲ್ವೆಂಟ್ ಆಗಿ ಬಳಸಿದ್ರೆ. ಯುರೋಪಿನ ರಾಸಾಯನಿಕ ಕಾಯ್ದೆ ರೀಚ್, ಅದರ ಅನುಬಂಧ 14ರ ಪ್ರಕಾರ ಅನುಮತಿ ಇಲ್ಲದೆ ಬಳಸೋ ಗಡುವು 2017ರ ನವೆಂಬರ್ 22ಕ್ಕೆ ಮುಗೀತು. ಇಂಟರ್ಮೀಡಿಯೇಟ್ (ಬೇರೆ ವಸ್ತುವಾಗಿ ಬದಲಾಗೋ ಮಧ್ಯಂತರ ವಸ್ತು) ಆದ್ರೆ ಅನುಮತಿಯ ಗೊಡವೆ ಇಲ್ಲ. ‘ಕಟ್ಟುನಿಟ್ಟಾಗಿ ನಿಯಂತ್ರಿತ ಸ್ಥಿತಿ’ ಅನ್ನೋದು ಬೇರೆ ವಿಷ್ಯ. ಮುಚ್ಚಿದ ಉಪಕರಣ, ತೆರೆಯೋ ಮುಂಚೆ ಪರ್ಜ್ ಮಾಡಿ ತೊಳೆಯೋದು, ಇದೆಲ್ಲ ತೋರಿಸಿದ್ರೆ ರಿಜಿಸ್ಟ್ರೇಷನ್‌ಗೆ ಕಮ್ಮಿ ದತ್ತಾಂಶ ಸಾಕು. ಕನ್ಸಲ್ಟೆಂಟ್‌ಗಳೇ ಇವೆರಡನ್ನ ಕಲಸಿಬಿಡ್ತಾರೆ.

ನಾಗರಾಜ: ಕಚ್ಚಾವಸ್ತು ಅಂದ್ರೆ ಸಾಕು, ಎಲ್ಲಾ ಕಡೆ ಇದೇ ಬಾಗಿಲು. ಓಝೋನ್ ಪದರ ಉಳಿಸೋ ಮಾಂಟ್ರಿಯಲ್ ಒಪ್ಪಂದದಲ್ಲಿ ಫೀಡ್‌ಸ್ಟಾಕ್ (ಕಚ್ಚಾವಸ್ತು) ಆಗಿ ಪೂರ್ತಿ ಬಳಸಿದ ಕಾರ್ಬನ್ ಟೆಟ್ರಾಕ್ಲೋರೈಡನ್ನ ಉತ್ಪಾದನೆ ಲೆಕ್ಕದಿಂದಲೇ ಕಳೀತಾರೆ. ವಾತಾವರಣದಲ್ಲಿ ಅದು ನಿರೀಕ್ಷೆಗಿಂತ ನಿಧಾನವಾಗಿ ಇಳೀತಿದೆ. ಆದ್ರೆ ಫಾಸ್ಜೀನ್ ಅನ್ನೋ ವಿಷಾನಿಲ ನೋಡಿ: ರಾಸಾಯನಿಕ ಅಸ್ತ್ರ ಒಪ್ಪಂದದ ಶೆಡ್ಯೂಲ್ 3ರ ಪಟ್ಟಿಯಲ್ಲಿದೆ. ವರ್ಷಕ್ಕೆ 30 ಟನ್ ದಾಟಿ ತಯಾರಿಸಿದ್ರೆ ಘೋಷಣೆ, 200 ದಾಟಿದ್ರೆ ತಪಾಸಣೆಗೂ ಬರಬಹುದು. ಪಾಲಿಕಾರ್ಬೊನೇಟ್‌ಗೆ (ಒಂದು ಪ್ಲಾಸ್ಟಿಕ್) ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ.

ಸುಮಾ: ಆ ಇನ್‌ಸ್ಪೆಕ್ಟರ್ ನೋಡೋದು ಅಸ್ತ್ರಕ್ಕೆ ಹೋಯ್ತಾ ಅಂತ. ಸೀಲ್ ಸೋರ್ತಿದೆಯಾ ಅಂತ ಅಲ್ಲ. ಇಡಿಸಿಗೆ ಅದನ್ನ ತಂದ್ರೆ ಸಿಗೋದು ಇನ್ನೊಂದು ಫೈಲು.

ನಾಗರಾಜ: ನಡುವೆ ಟ್ರೇಡರ್ ಇದ್ರೆ? ಅವನ ಹತ್ರ ಪ್ಲಾಂಟೂ ಇಲ್ಲ, ಬ್ಯಾಲೆನ್ಸೂ ಇಲ್ಲ.

ಇರ್ಫಾನ್: ಹಾಗಾದ್ರೆ ಲಾಟ್‌ವಾರು ಅಂತಿಮ ಬಳಕೆದಾರನ ಘೋಷಣೆ, ಅವನ ವೇಬ್ರಿಜ್ (ಲಾರಿ ತೂಕದ) ಚೀಟಿ. ಇವೆರಡೂ ಬರೋವರೆಗೂ ಕಸ್ಟಮ್ಸ್ ಹಿಡಿತದ ಬಾಂಡೆಡ್ ಟ್ಯಾಂಕಿಂದ ಬಿಡುಗಡೆ ಬೇಡ.

ಸುಮಾ: ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಗಣೇಶ, ಆ ಫಾರ್ವರ್ಡ್ ಡಿಲೀಟ್ ಮಾಡೋ.